ಯಾವ ಹೊಸಹಳ್ಳಿ? ಜ್ಯಾಂಗೊ ಫಾರ್ಮ್‌ನ ಡ್ರಾಪ್‌ಡೌನ್‌ನಲ್ಲಿ ಊರು, ತಾಲ್ಲೂಕು, ಜಿಲ್ಲೆ

ಶಿವಮೊಗ್ಗ ತಾಲ್ಲೂಕಿನಲ್ಲೊಂದು ಹೊಸಹಳ್ಳಿ, ಕೂಡ್ಲಿಗಿ ತಾಲ್ಲೂಕಿನಲ್ಲೊಂದು, ಹುಡುಕಿದರೆ ಇನ್ನೂ ಎಷ್ಟೋ. ಊರು ಆರಿಸುವ ಫಾರ್ಮ್‌ಗೆ ಜ್ಯಾಂಗೊದ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಮಾಡೆಲ್‌ಚಾಯ್ಸ್‌ಫೀಲ್ಡ್, ಅಂದರೆ ಡೇಟಾಬೇಸ್ ದಾಖಲೆಗಳಿಂದ ಡ್ರಾಪ್‌ಡೌನ್ ಮಾಡುವ ಫೀಲ್ಡ್, ಹಾಕಿ ಬ್ರೌಸರ್ ತೆರೆದರೆ ಮೊದಲಿಗೆ ಕಾಣುವುದು 'ವಿಲೇಜ್ ಆಬ್ಜೆಕ್ಟ್ (1)', 'ವಿಲೇಜ್ ಆಬ್ಜೆಕ್ಟ್ (2)'. ಮಾಡೆಲ್‌ಗೆ (ಡೇಟಾಬೇಸ್ ಟೇಬಲ್‌ನ ಪೈಥಾನ್ ರೂಪ) ಆಬ್ಜೆಕ್ಟನ್ನು ಪಠ್ಯವಾಗಿಸುವ __ಎಸ್‌ಟಿಆರ್__ ಮೆಥಡ್ ಬರೆದು ಹೆಸರನ್ನಷ್ಟೇ ಹಿಂದಿರುಗಿಸಿದರೆ ಸಾಲಾಗಿ ಹೊಸಹಳ್ಳಿ, ಹೊಸಹಳ್ಳಿ, ಹೊಸಹಳ್ಳಿ. ಯಾವುದು ಯಾವುದೆಂದು ಒತ್ತುವವರಿಗೂ ಗೊತ್ತಾಗುವುದಿಲ್ಲ.

ಎಚ್‌ಟಿಎಮ್‌ಎಲ್‌ನ ಆಪ್ಷನ್ ಒಯ್ಯುವುದು ಎರಡೇ ತುಂಡು ಪಠ್ಯವನ್ನು: ಕಣ್ಣಿಗೆ ಕಾಣುವ ಲೇಬಲ್, ಸರ್ವರ್‌ಗೆ ಹೋಗುವ ವ್ಯಾಲ್ಯೂ. ಇಡೀ ಆಬ್ಜೆಕ್ಟ್ ಅದರೊಳಗೆ ಕೂರುವುದಿಲ್ಲ. ವ್ಯಾಲ್ಯೂ ಕೊಡದೆ ಬಿಟ್ಟರೆ ಲೇಬಲ್ಲೇ ವ್ಯಾಲ್ಯೂ ಆಗಿ ಹೋಗುತ್ತದೆ. ಇದು ಸಲೀಸೆಂದು 'ಹೊಸಹಳ್ಳಿ, ಕೂಡ್ಲಿಗಿ, ಬಳ್ಳಾರಿ' ಎಂಬ ಸಾಲನ್ನೇ ಡೇಟಾಬೇಸ್‌ಗೆ ಬರೆದಿಟ್ಟ ಫಾರ್ಮ್‌ಗಳ ಕಥೆ 2021ರಲ್ಲಿ ಗೊತ್ತಾಯಿತು. ವಿಜಯನಗರ ಜಿಲ್ಲೆಯಾಗಿ ಕೂಡ್ಲಿಗಿ ಅದಕ್ಕೆ ಸೇರಿದ ಮೇಲೆ ಆ ಸಾಲುಗಳೆಲ್ಲ ತಪ್ಪು. ಇಡೀ ಆಬ್ಜೆಕ್ಟನ್ನು ಜೆಸಾನ್ ಪಠ್ಯ ಮಾಡಿ ವ್ಯಾಲ್ಯೂಗೆ ತುರುಕುವುದೂ ಇದೇ ಜಾತಿಯ ಕೆಲಸ: ಉದ್ಧರಣ ಚಿಹ್ನೆಗಳ ರಗಳೆ ಒಂದು ಕಡೆ, ಬ್ರೌಸರ್‌ನಲ್ಲೇ ಯಾರು ಬೇಕಾದರೂ ತಿದ್ದಿ ಕಳಿಸಬಹುದೆಂಬುದು ಇನ್ನೊಂದು ಕಡೆ. ವ್ಯಾಲ್ಯೂ ಆಗಿ ನಾನು ಪ್ರೈಮರಿ ಕೀ (ದಾಖಲೆಯ ಗುರುತು ಸಂಖ್ಯೆ) ಬಿಟ್ಟು ಬೇರೇನೂ ಇಡುವುದಿಲ್ಲ. ಹೊರಗಿನ ವ್ಯವಸ್ಥೆಯೊಂದಿಗೆ ತಾಳೆ ನೋಡಬೇಕಿದ್ದರೆ ಮಾತ್ರ ಬೇರೆ ಫೀಲ್ಡನ್ನು ವ್ಯಾಲ್ಯೂ ಮಾಡುವ ಟು_ಫೀಲ್ಡ್_ನೇಮ್ ಕೊಟ್ಟು ಎಲ್‌ಜಿಡಿ (ಲೋಕಲ್ ಗವರ್ನಮೆಂಟ್ ಡೈರೆಕ್ಟರಿ) ಕೋಡ್ ಇಡುತ್ತೇನೆ. ಕೇಂದ್ರ ಸರ್ಕಾರದ ಆ ಪಟ್ಟಿಯಲ್ಲಿ ಪ್ರತಿ ಗ್ರಾಮಕ್ಕೂ ಬೇರೆಯದೇ ಸಂಖ್ಯೆ ಇದೆ.

ಲೇಬಲ್‌ಗೆ __ಎಸ್‌ಟಿಆರ್__ ಅನ್ನೇ ಉದ್ದ ಮಾಡಬೇಡಿ. ಅದು ಲಾಗ್‌ನಲ್ಲೂ ಜ್ಯಾಂಗೊದ ಸಿದ್ಧ ಆಡಳಿತ ಪುಟವಾದ ಅಡ್ಮಿನ್‌ನಲ್ಲೂ ಎಲ್ಲೆಲ್ಲೂ ಬಳಕೆಯಾಗುತ್ತದೆ. ಮಾಡೆಲ್‌ಚಾಯ್ಸ್‌ಫೀಲ್ಡ್‌ನಿಂದ ಒಂದು ಸಬ್‌ಕ್ಲಾಸ್ ಮಾಡಿ, ಅದರಲ್ಲಿ ಲೇಬಲ್_ಫ್ರಮ್_ಇನ್‌ಸ್ಟನ್ಸ್ ಎಂಬ ಮೆಥಡ್ ಬರೆಯಬೇಕು: ಊರು, ಅಡ್ಡಗೆರೆ, ತಾಲ್ಲೂಕು, ಕೊನೆಗೆ ಜಿಲ್ಲೆ. ಫೋನಿನ ಸಣ್ಣ ಪರದೆಯಲ್ಲಿ ಸಾಲಿನ ಬಾಲ ಕತ್ತರಿಸಿ ಹೋಗಬಹುದು, ಹಾಗಾಗಿ ಒಂದನ್ನೊಂದರಿಂದ ಬೇರೆ ಮಾಡುವ ಮಾತು ಮೊದಲೇ ಬರಲಿ. ಸ್ಪೇಸ್ ತುಂಬಿ ಕಾಲಮ್ ಸರಿಹೊಂದಿಸಲು ಹೋಗಬೇಡಿ, ಆಪ್ಷನ್ ಒಳಗಿನ ಸಾಲುಸಾಲು ಸ್ಪೇಸ್‌ಗಳನ್ನು ಬ್ರೌಸರ್ ಒಂದಾಗಿಸಿಬಿಡುತ್ತದೆ.

ಈ ಮೆಥಡ್ ಬರೆದ ಕೂಡಲೇ ಪುಟ ನಿಧಾನವಾಗುತ್ತದೆ. 300 ಊರು ಇದ್ದರೆ ಊರುಗಳಿಗೆ 1 ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ), ಪ್ರತಿ ಊರಿನ ತಾಲ್ಲೂಕಿಗೆ ಒಂದೊಂದರಂತೆ 300, ಜಿಲ್ಲೆಗೆ ಮತ್ತೆ 300, ಒಟ್ಟು 601. ಒಂದೇ ತಾಲ್ಲೂಕಿನ ಐವತ್ತು ಊರಿದ್ದರೂ ಐವತ್ತು ಸಲ ಕೇಳುತ್ತದೆ. ಕ್ವೆರಿಸೆಟ್‌ಗೆ (ಫೀಲ್ಡ್‌ಗೆ ಕೊಟ್ಟ ದಾಖಲೆಗಳ ಪಟ್ಟಿ) ಸಂಬಂಧಿತ ದಾಖಲೆಗಳನ್ನೂ ಒಟ್ಟಿಗೇ ತರುವ ಸೆಲೆಕ್ಟ್_ರಿಲೇಟೆಡ್ ಹಚ್ಚಿ 'ತಾಲ್ಲೂಕ್__ಡಿಸ್ಟ್ರಿಕ್ಟ್' ಎಂದರೆ ಎಲ್ಲ ಸೇರಿ 1ಕ್ಕೆ ಇಳಿಯುತ್ತದೆ. ಒಂದೇ ಫಾರ್ಮ್ ಹಲವು ಸಲ ಬರುವ ಫಾರ್ಮ್‌ಸೆಟ್‌ನಲ್ಲಿ ಮಾತ್ರ ಎಚ್ಚರ, 10 ಸಾಲಿದ್ದರೆ ಅದೇ ಕ್ವೆರಿ 10 ಸಲ ಓಡುತ್ತದೆ.

ಜಿಲ್ಲೆ ಆರಿಸಿದರೆ ತಾಲ್ಲೂಕು, ತಾಲ್ಲೂಕು ಆರಿಸಿದರೆ ಊರು ಎಂಬ ಸರಣಿ ಡ್ರಾಪ್‌ಡೌನ್‌ನಲ್ಲಿ ಎಲ್ಲರೂ ಎಡವುವ ಜಾಗ ಬೇರೆ. ಊರಿನ ಫೀಲ್ಡ್‌ಗೆ ಮೊದಲಿಗೆ ಖಾಲಿ ಕ್ವೆರಿಸೆಟ್ ಕೊಟ್ಟಿರುತ್ತೀರಿ, ಜಾವಾಸ್ಕ್ರಿಪ್ಟ್ ಬಂದು ಆಯ್ಕೆಗಳನ್ನು ತುಂಬುತ್ತದೆ, ಜನ ಆರಿಸಿ ಸಬ್‌ಮಿಟ್ ಒತ್ತುತ್ತಾರೆ. 'ಈ ಆಯ್ಕೆ ಪಟ್ಟಿಯಲ್ಲಿಲ್ಲ' ಎಂಬ ಅರ್ಥದ ತಪ್ಪು ಬರುತ್ತದೆ. ಆಯ್ಕೆ ಕಣ್ಣೆದುರೇ ಇದೆ, ಆದರೂ ಇಲ್ಲ! ಜ್ಯಾಂಗೊ ಬ್ರೌಸರ್‌ನಲ್ಲಿ ಏನಿತ್ತೆಂದು ನೋಡುವುದಿಲ್ಲ, ತನ್ನ ಕ್ವೆರಿಸೆಟ್‌ನಲ್ಲಿ ಹುಡುಕುತ್ತದೆ; ಅಲ್ಲಿ ಇನ್ನೂ ಖಾಲಿ. ಫಾರ್ಮ್‌ನ __ಇನಿಟ್__ನಲ್ಲಿ ಸೆಲ್ಫ್.ಡೇಟಾದಿಂದ (ಸಬ್‌ಮಿಟ್ ಆಗಿ ಬಂದ ಮಾಹಿತಿ) ತಾಲ್ಲೂಕಿನ ಸಂಖ್ಯೆ ತೆಗೆದು ಊರಿನ ಕ್ವೆರಿಸೆಟ್ ಸೋಸಿಕೊಡಬೇಕು. ಅದಿಲ್ಲದೆ ಹಳೆಯ ದಾಖಲೆ ತಿದ್ದುತ್ತಿದ್ದರೆ ಇನ್‌ಸ್ಟನ್ಸ್‌ನ (ಆ ದಾಖಲೆಯ ಆಬ್ಜೆಕ್ಟ್) ತಾಲ್ಲೂಕಿನಿಂದ. ಸಂಖ್ಯೆ ತೆಗೆಯುವಾಗ ಬರೀ 'ತಾಲ್ಲೂಕ್' ಎಂದು ಕೇಳಿದರೆ ಫೀಲ್ಡ್ ಹೆಸರುಗಳ ಮೊದಲಿಗೆ ಪ್ರಿಫಿಕ್ಸ್ ಇರುವ ಫಾರ್ಮ್‌ನಲ್ಲಿ ಸಿಗುವುದಿಲ್ಲ, ಸೆಲ್ಫ್.ಆಡ್_ಪ್ರಿಫಿಕ್ಸ್ ಮೂಲಕ ಕೇಳಿ. ಬಂದದ್ದು ಅಂಕಿಯಲ್ಲದಿದ್ದರೆ ಇಂಟ್ ಮಾಡುವಾಗ ವ್ಯಾಲ್ಯೂಎರರ್ ಬರುತ್ತದೆ, ಹಿಡಿದು ಖಾಲಿ ಕ್ವೆರಿಸೆಟ್ಟೇ ಬಿಡಿ.

ತಾಲ್ಲೂಕಿನ ಪ್ರಕಾರ ಗುಂಪು ಮಾಡಿ ತೋರಿಸಲು ಎಚ್‌ಟಿಎಮ್‌ಎಲ್‌ನ ಆಪ್ಟ್‌ಗ್ರೂಪ್ ಇದೆ, ಒಂದೇ ಹಂತ. ಜಿಲ್ಲೆಯೊಳಗೆ ತಾಲ್ಲೂಕು ಎಂದು ಗೂಡಿನೊಳಗೆ ಗೂಡು ಕಟ್ಟಲಾಗದು. ಆಯ್ಕೆಗಳನ್ನು ಒಂದೊಂದಾಗಿ ಕೊಡುವ ಮಾಡೆಲ್‌ಚಾಯ್ಸ್‌ಇಟರೇಟರ್‌ನ __ಇಟರ್__ ಬರೆದು ಪೈಥಾನ್‌ನ ಗ್ರೂಪ್‌ಬೈ ಬಳಸುತ್ತೇನೆ. ಗ್ರೂಪ್‌ಬೈ ಪಕ್ಕಪಕ್ಕದಲ್ಲಿರುವುದನ್ನಷ್ಟೇ ಕೂಡಿಸುತ್ತದೆ. ಕ್ವೆರಿಸೆಟ್ ತಾಲ್ಲೂಕಿನ ಕ್ರಮದಲ್ಲಿ ಇಲ್ಲದಿದ್ದರೆ ಕೂಡ್ಲಿಗಿ ಎಂಬ ತಲೆಬರಹ ಮೂರು ಕಡೆ ಬರುತ್ತದೆ.

ಕ್ರಮ ಸರಿಯಿದ್ದೂ ಒಂದೇ ತಲೆಬರಹ ಎರಡು ಸಲ ಬಂದರೆ ಯೂನಿಕೋಡ್ ಮೇಲೆ ಅನುಮಾನಪಡಿ. 'ಹೊ' ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ (0ಸಿಸಿಎ) ಬರೆಯಬಹುದು, ಎರಡು ಸಂಕೇತ ಜೋಡಿಸಿಯೂ (0ಸಿಸಿ6, 0ಸಿಸಿ2) ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಬೇರೆ ಬೇರೆ ಕಡೆಯ ಎಕ್ಸೆಲ್ ಹಾಳೆಗಳಿಂದ ಊರುಗಳನ್ನು ತುಂಬಿದಾಗ ಇಂಥದ್ದು ನುಸುಳುತ್ತದೆ. ಸೇವ್ ಮಾಡುವ ಮುಂಚೆ ಪೈಥಾನ್‌ನ ಯೂನಿಕೋಡ್‌ಡೇಟಾದ ನಾರ್ಮಲೈಸ್‌ಗೆ ಎನ್‌ಎಫ್‌ಸಿ (ಜೋಡಿಸಿದ್ದನ್ನು ಒಂದೇ ಸಂಕೇತ ಮಾಡುವ ರೂಪ) ಕೊಟ್ಟು ಹಾಯಿಸಿದರೆ ಸಾಕು.

ಊರಿನ ಬದಲು ಬೆಲೆಯಿರುವ ವಸ್ತು ಇದ್ದು, ಆರಿಸಿದ ತಕ್ಷಣ ಪಕ್ಕದಲ್ಲಿ ದರ ಕಾಣಬೇಕೆಂದರೆ ಲೇಬಲ್‌ನಿಂದ ದರ ಕಿತ್ತು ತೆಗೆಯುವ ಕಸರತ್ತು ಬೇಡ. ಜ್ಯಾಂಗೊ 3.1ರಿಂದ ವಿಜೆಟ್‌ನ (ಫೀಲ್ಡನ್ನು ಎಚ್‌ಟಿಎಮ್‌ಎಲ್ ಆಗಿಸುವ ಭಾಗ) ಕ್ರಿಯೇಟ್_ಆಪ್ಷನ್‌ಗೆ ಬರುವ ವ್ಯಾಲ್ಯೂ ಜೊತೆಗೇ ಇನ್‌ಸ್ಟನ್ಸ್ ಇರುತ್ತದೆ. ಅದರಿಂದ ದರ ತೆಗೆದು ಡೇಟಾ-ಪ್ರೈಸ್ ಎಂಬ ಆಟ್ರಿಬ್ಯೂಟ್‌ಗೆ ಹಾಕಿ. ಪಟ್ಟಿಯ ತಲೆಯಲ್ಲಿರುವ ಖಾಲಿ ಆಯ್ಕೆಗೆ ಇನ್‌ಸ್ಟನ್ಸ್ ಇರದು, ಮೊದಲು ವ್ಯಾಲ್ಯೂ ಇದೆಯೇ ನೋಡಿ. ಆ ದರ ತೋರಿಸಲು ಮಾತ್ರ. ಲೆಕ್ಕ ಸರ್ವರ್‌ನಲ್ಲಿ ಮತ್ತೆ ಹಾಕಬೇಕು.

ಆ ಖಾಲಿ ಆಯ್ಕೆಯನ್ನು ತೆಗೆಯುವುದೂ ಅಪಾಯ. ಯಾವುದೂ ಸೆಲೆಕ್ಟ್ ಆಗಿರದಿದ್ದರೆ ಬ್ರೌಸರ್ ತಾನಾಗಿ ಮೊದಲ ಆಯ್ಕೆಯನ್ನು ಹಿಡಿಯುತ್ತದೆ. ಬಳಕೆಯಿಂದ ತೆಗೆದ ದಾಖಲೆಗಳನ್ನು ಕ್ವೆರಿಸೆಟ್‌ನಿಂದ ಸೋಸಿಬಿಟ್ಟಿದ್ದರೆ, ಹಳೆಯ ಅರ್ಜಿ ತೆರೆದು ಫೋನ್ ನಂಬರ್ ತಿದ್ದಿ ಸೇವ್ ಮಾಡಿದವರ ಊರು ಸದ್ದಿಲ್ಲದೆ ಪಟ್ಟಿಯ ಮೊದಲ ಊರಾಗುತ್ತದೆ. ಸೋಸುವಾಗ 'ಬಳಕೆಯಲ್ಲಿರುವುದು ಅಥವಾ ಈ ದಾಖಲೆಯಲ್ಲಿ ಈಗಾಗಲೇ ಇರುವುದು' ಎಂದು ಷರತ್ತು ಜೋಡಿಸುವ ಕ್ಯೂ ಆಬ್ಜೆಕ್ಟ್‌ನಿಂದ ಎರಡನ್ನೂ ಕೂಡಿಸಿ.

ಫ್ರಂಟ್‌ಎಂಡ್ ಆಂಗ್ಯುಲರ್ (ಬ್ರೌಸರ್ ಕಡೆಯ ಫ್ರೇಮ್‌ವರ್ಕ್) ಆಗಿದ್ದರೆ ಆಪ್ಷನ್‌ನ ಎನ್‌ಜಿವ್ಯಾಲ್ಯೂ ಇಡೀ ಆಬ್ಜೆಕ್ಟನ್ನೇ ಒಪ್ಪುತ್ತದೆ. ಬರೀ ವ್ಯಾಲ್ಯೂ ಬಳಸಿದರೆ ಬರುವುದು 'ಆಬ್ಜೆಕ್ಟ್ ಆಬ್ಜೆಕ್ಟ್' ಎಂಬ ಪಠ್ಯ. ಆದರೆ ತಿದ್ದುವ ಪುಟದಲ್ಲಿ ಡ್ರಾಪ್‌ಡೌನ್ ಖಾಲಿ ಕಂಡರೆ ಗಾಬರಿ ಬೇಡ: ಸರ್ವರ್‌ನಿಂದ ಬಂದ ಊರು, ಪಟ್ಟಿಯಲ್ಲಿರುವ ಊರು ಒಂದೇ ಐಡಿಯವಾದರೂ ಮೆಮೊರಿಯಲ್ಲಿ ಎರಡು ಆಬ್ಜೆಕ್ಟ್. ಕಂಪೇರ್‌ವಿತ್‌ಗೆ ಎರಡರ ಐಡಿ ಹೋಲಿಸುವ ಫಂಕ್ಷನ್ ಕೊಡಿ, ಅದರಲ್ಲಿ ನಲ್ ಬಂದಾಗಿನ ದಾರಿಯನ್ನೂ ಬರೆದಿಡಿ.

ಆಯ್ಕೆಗಳು ಇನ್ನೂರು ದಾಟಿದರೆ ನಾನು ಡ್ರಾಪ್‌ಡೌನ್ ಆಸೆ ಬಿಡುತ್ತೇನೆ. ಮಾಮೂಲಿ ಸೆಲೆಕ್ಟ್‌ನಲ್ಲಿ ಅಕ್ಷರ ಒತ್ತಿದರೆ ಲೇಬಲ್‌ನ ಆರಂಭಕ್ಕಷ್ಟೇ ತಾಳೆಯಾಗುತ್ತದೆ. ಇಂಗ್ಲಿಷ್ ಕೀಬೋರ್ಡ್‌ನಲ್ಲಿ ಎಚ್ ಒತ್ತಿದವರಿಗೆ ಕನ್ನಡದ ಹೊಸಹಳ್ಳಿ ಸಿಗುವುದಿಲ್ಲ. ಅಡ್ಮಿನ್‌ನಲ್ಲಾದರೆ ಟೈಪಿಸಿ ಹುಡುಕಲು ಬಿಡುವ ಆಟೊಕಂಪ್ಲೀಟ್_ಫೀಲ್ಡ್ಸ್‌ಗೆ ಊರನ್ನು ಸೇರಿಸಿ, ಊರಿನ ಅಡ್ಮಿನ್‌ನ ಸರ್ಚ್_ಫೀಲ್ಡ್ಸ್‌ನಲ್ಲಿ ಕನ್ನಡ ಹೆಸರು, ಇಂಗ್ಲಿಷ್ ಹೆಸರು ಎರಡನ್ನೂ ಕೊಡಿ. ಹುಡುಕಾಟ ಸರ್ವರ್‌ನಲ್ಲಿ ನಡೆಯುವುದರಿಂದ ಲೇಬಲ್ ಅಚ್ಚಗನ್ನಡದಲ್ಲೇ ಇರಬಹುದು.