ಕೆಡುಕಿನ ಮಾಟಕ್ಕೆ ಒಂದು ಕಪ್ಪು ದಾಳ

ಗೆಳೆಯರ ಗುಂಪಿಗೆ ನಾನು ರೋಲ್‌ಪ್ಲೇಯಿಂಗ್ ಆಟ ನಡೆಸುತ್ತೇನೆ. ಕಥೆ ನನ್ನದು, ಪಾತ್ರಗಳು ಅವರವು, ಗೆಲುವು ಸೋಲು ದಾಳದ ಕೈಯಲ್ಲಿ. ನಮ್ಮ ಲೋಕದಲ್ಲಿ ಮಾಟ ಇದೆ, ಮಾಡಿದವರನ್ನು ಅದು ಒಳಗಿಂದ ಕೆಡಿಸುತ್ತದೆ. ಇದನ್ನು ಸುಮ್ನೆ ಬಾಯಲ್ಲಿ ಹೇಳಿದರೆ ಯಾರೂ ಹೆದರುವುದಿಲ್ಲ. ಆಡುವವರಿಗೇ ಅದು ತಟ್ಟಬೇಕು.

ಎಷ್ಟೋ ಆಟಗಳಲ್ಲಿ ಮಾಟ ಮಾಡಿದರೆ ಪ್ರಾಣದ ಅಂಕ ಕಳೆಯುತ್ತದೆ. ನನಗೆ ಅದು ಸಾಲದು. ಗಾಯ ಮಾಯುತ್ತದೆ, ಲೆಕ್ಕ ಚುಕ್ತಾ. ದಾರಿ ತೋರಿಸಿದ್ದು 1981ರ 'ಕಾಲ್ ಆಫ್ ಕತುಲು' ಆಟ. ಅದರಲ್ಲಿ ಭಯಾನಕ ಸತ್ಯಗಳನ್ನು ಅರಿತಷ್ಟೂ ಪಾತ್ರದ ಬುದ್ಧಿಸ್ಥಿಮಿತದ ಗರಿಷ್ಠ ಮಿತಿಯೇ ಇಳಿಯುತ್ತದೆ. ಎಷ್ಟೇ ಚೇತರಿಸಿಕೊಂಡರೂ ಆ ಮಿತಿ ದಾಟುವಂತಿಲ್ಲ.

ನಾನು ಮಾಡಿದ್ದು ಇಷ್ಟು. ಕಷ್ಟದ ಕೆಲಸಕ್ಕೆ ಎರಡು ದಾಳ ಉರುಳಿಸಬೇಕು, ಮೊತ್ತ 9 ಅಥವಾ ಹೆಚ್ಚು ಬರಬೇಕು. ಗೆಲ್ಲುವ ಸಾಧ್ಯತೆ ಸುಮಾರು ಶೇ. 28. ಬೇಕೆಂದರೆ ಮೂರನೆಯ, ಕಪ್ಪು ದಾಳವನ್ನೂ ಸೇರಿಸಿಕೊಳ್ಳಬಹುದು. ಆಗ ಸಾಧ್ಯತೆ ಶೇ. 74ಕ್ಕೆ ಏರುತ್ತದೆ. ಆದರೆ ಕಪ್ಪು ದಾಳದಲ್ಲಿ ಆರು ಬಿದ್ದರೆ ಪಾತ್ರದ ಒಂದು ಗುಣ ಹೋಯಿತು. ಆಟದ ಶುರುವಿನಲ್ಲೇ ಪ್ರತಿಯೊಬ್ಬರಿಂದ ಐದು ಗುಣ ಬರೆಸಿಟ್ಟಿರುತ್ತೇನೆ. ಯಾವುದನ್ನು ಹೊಡೆದುಹಾಕಬೇಕು ಅಂತ ಅವರೇ ಆರಿಸಬೇಕು.

ಕಪ್ಪು ದಾಳಕ್ಕೆ ಆರು ಅತಿ ದೊಡ್ಡ ಅಂಕ. ಹೆಚ್ಚು ನೆರವಾಗುವುದೂ ಅದೇ, ಕೆಡಿಸುವುದೂ ಅದೇ. ಈ ನಿಯಮದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಇದೇ. ಒಂದು ಸಲಕ್ಕೆ ಅಪಾಯ ಆರರಲ್ಲಿ ಒಂದು, ಹೆದರುವಂಥದ್ದೇನಲ್ಲ ಅನ್ನಿಸುತ್ತದೆ. ನಾಲ್ಕು ಸಲ ಬಳಸುವಷ್ಟರಲ್ಲಿ ಒಮ್ಮೆಯಾದರೂ ಆರು ಬೀಳುವ ಸಾಧ್ಯತೆ ಅರ್ಧ ದಾಟಿರುತ್ತದೆ.

ಒಬ್ಬ ಗೆಳತಿಯ ಪಾತ್ರ ವೈದ್ಯೆ. ಸಾಯುತ್ತಿದ್ದ ಮಗುವನ್ನು ಉಳಿಸಲು ಕಪ್ಪು ದಾಳ ಹಿಡಿದಳು. ಆರು ಬಿತ್ತು, ಮಗು ಉಳಿಯಿತು. 'ನೋವು ಕಂಡರೆ ಮನಸ್ಸು ಕರಗುತ್ತದೆ' ಅಂತ ಬರೆದಿದ್ದ ಸಾಲನ್ನು ಹೊಡೆದುಹಾಕಿದಳು. ಮುಂದಿನ ಊರಲ್ಲಿ ಗಾಯಾಳುಗಳು ಬಂದಾಗ, ಯಾರಿಂದ ನಮಗೆ ಉಪಯೋಗ ಅಂತ ಆ ವೈದ್ಯೆ ಮೊದಲು ಕೇಳಿದಳು. ಹಾಗೆ ಕೇಳು ಅಂತ ನಾನು ಹೇಳಿರಲಿಲ್ಲ. ಮಾಟ ಒಳ್ಳೆಯ ಉದ್ದೇಶದ ಬಾಗಿಲಿನಿಂದಲೇ ಒಳಗೆ ಬರುತ್ತದೆ ಅಂತ ನಾನು ನಂಬಿದ್ದೇನೆ. ಹಾಗಾಗಿ ಕಪ್ಪು ದಾಳ ಬೇಕಾ ಅಂತ ಕೇಳುವುದು ಯಾರದಾದರೂ ಜೀವ ಅಪಾಯದಲ್ಲಿದ್ದಾಗ ಮಾತ್ರ. ಹಣಕ್ಕೆ, ಹಗೆಗೆ ಅದನ್ನು ಮುಂದಿಡುವುದೇ ಇಲ್ಲ.

ಹೋದ ಗುಣ ಮರಳಿ ಬರುತ್ತದಾ? ಬರುತ್ತದೆ. ಪಾತ್ರದಲ್ಲಿ ಆ ಗುಣ ಇಲ್ಲದ್ದರಿಂದ ಯಾರು ನೊಂದರೋ ಅವರ ಬಳಿ ಹೋಗಿ, ಮಾಟದ ನೆರವಿಲ್ಲದೆ ಅವರಿಗಾಗಿ ಏನನ್ನಾದರೂ ಕಳೆದುಕೊಳ್ಳಬೇಕು. ವೈದ್ಯೆ ಇನ್ನೂ ಹೋಗಿಲ್ಲ.