ಮೋಜೆಲ್ ಕಣಿವೆ: ಗುಡ್ಡ ನೋಡಿ ಬಾಟಲಿ ಆರಿಸುವುದು ಹೇಗೆ

ಜರ್ಮನಿಯ ಮೋಜೆಲ್ ವೈನ್ ಕೊಳ್ಳುವ ಮುಂಚೆ ಆ ಕಣಿವೆಯ ನಕಾಶೆಯನ್ನು ಒಮ್ಮೆ ಬಿಡಿಸಿ ಕೂರಿ. ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ ಹುಟ್ಟುವ ಈ ನದಿ ಲಕ್ಸೆಂಬರ್ಗ್ ಗಡಿ ಸವರಿಕೊಂಡು ಬಂದು ಕೋಬ್ಲೆನ್ಸ್‌ನಲ್ಲಿ ರೈನ್ ಸೇರುತ್ತದೆ. ಟ್ರಿಯರ್‌ನಿಂದ ಕೋಬ್ಲೆನ್ಸ್‌ಗೆ ರೈಲುಹಾದಿ ಸುಮಾರು 110 ಕಿ.ಮೀ.; ನದಿ ಮಾತ್ರ ಸುಮಾರು 190 ಕಿ.ಮೀ. ಸುತ್ತುತ್ತದೆ. ಪ್ರತಿ ತಿರುವಿನಲ್ಲೂ ಒಂದು ದಡಕ್ಕೆ ಬಿಸಿಲು, ಎದುರು ದಡಕ್ಕೆ ನೆರಳು. 50ನೇ ಅಕ್ಷಾಂಶದ ಈ ತಣ್ಣನೆ ನಾಡಿನಲ್ಲಿ ತಡವಾಗಿ ಮಾಗುವ ರೀಸ್ಲಿಂಗ್ ದ್ರಾಕ್ಷಿಗೆ ದಕ್ಷಿಣಕ್ಕೋ ನೈಋತ್ಯಕ್ಕೋ ಮುಖ ಮಾಡಿದ ಕಡಿದಾದ ಇಳಿಜಾರೇ ಆಸರೆ. ನಕಾಶೆಯಲ್ಲಿ ಅಂಥ ಮುಖಗಳನ್ನು ಪೆನ್ಸಿಲ್‌ನಲ್ಲಿ ಗುರುತಿಸಿ. ಬರ್ನ್‌ಕಾಸ್ಟೆಲ್‌ನಿಂದ ಗ್ರಾಖ್ ದಾಟಿ ಟ್ಸೆಲ್ಟಿಂಗೆನ್‌ವರೆಗೆ ಹೆಸರಾಂತ ತೋಟಗಳು ಬಲದಂಡೆಯಲ್ಲಿ ಒಂದಕ್ಕೊಂದು ಅಂಟಿಕೊಂಡೇ ಸಿಗುತ್ತವೆ. ವೇಲೆನ್ ಊರು ಎಡದಂಡೆಯಲ್ಲಿದೆ, ಅದರ ಪ್ರಸಿದ್ಧ ತೋಟ ಮಾತ್ರ ನದಿಯಾಚೆ. ಜನ ಸಮತಟ್ಟಿನಲ್ಲಿ ಮನೆ ಕಟ್ಟಿಕೊಂಡು ಬಿಸಿಲಿನ ದಡವನ್ನು ಬಳ್ಳಿಗೆ ಬಿಟ್ಟುಕೊಟ್ಟರು.

ನೋಡಲು ಹೋಗುವವರು ಮೊದಲು ಎಡವುವುದು ರೈಲಿನಲ್ಲಿ. ಕೋಬ್ಲೆನ್ಸ್‌ನಿಂದ ಬುಲ್ಲಾಯ್‌ವರೆಗೆ ಹಳಿ ಬಹುಪಾಲು ನದಿಯ ಜೊತೆಗೇ ಇರುತ್ತದೆ. ಕೊಖೆಮ್ ಬಳಿ ಮಾತ್ರ 4,205 ಮೀಟರ್ ಸುರಂಗದೊಳಗೆ ನುಗ್ಗಿ ಒಂದು ದೊಡ್ಡ ಸುತ್ತನ್ನು ತಪ್ಪಿಸುತ್ತದೆ. ಮುಂದೆ ಹಳಿ ನದಿಯನ್ನು ಬಿಟ್ಟು ಒಳನಾಡಿಗೆ ತಿರುಗುತ್ತದೆ, ಅತ್ಯುತ್ತಮ ತೋಟಗಳು ಆ ಬಿಟ್ಟ ಭಾಗದಲ್ಲೇ ಇವೆ. ಬರ್ನ್‌ಕಾಸ್ಟೆಲ್‌ಗೆ ರೈಲಿಲ್ಲ. ವಿಟ್ಲಿಖ್ ಮುಖ್ಯ ನಿಲ್ದಾಣದಲ್ಲಿ ಇಳಿದು ಬಸ್ ಹಿಡಿಯಿರಿ.

ಟ್ರಿಯರ್‌ನಲ್ಲಿ ಅರ್ಧ ದಿನವಾದರೂ ಉಳಿಯಿರಿ. ಅಲ್ಲಿನ ರೈನಿಷೆಸ್ ಲಾಂಡೆಸ್‌ಮ್ಯೂಸಿಯಂನಲ್ಲಿ ನೊಯ್‌ಮಾಗೆನ್ ಊರಿನಲ್ಲಿ ಸಿಕ್ಕ ಕಲ್ಲಿನ ದೋಣಿ ಇದೆ: ಸುಮಾರು ಕ್ರಿ.ಶ. 220ರ ರೋಮನ್ ಸಮಾಧಿಯ ಶಿಲ್ಪ, ಹುಟ್ಟು ಹಾಕುವವರ ನಡುವೆ ವೈನ್ ಪೀಪಾಯಿಗಳು. ಪೀಸ್‌ಪೋರ್ಟ್‌ನಲ್ಲಿ 1985ರಲ್ಲಿ 4ನೇ ಶತಮಾನದ ದ್ರಾಕ್ಷಿ ಹಿಂಡುವ ತೊಟ್ಟಿಗಳೇ ಬೆಳಕಿಗೆ ಬಂದವು. ಆದರೆ ರೀಸ್ಲಿಂಗ್‌ನ ಪಾರುಪತ್ಯ ಅಷ್ಟು ಹಳೆಯದಲ್ಲ. ಕಳಪೆ ಬಳ್ಳಿ ಕಿತ್ತು ಒಳ್ಳೆಯ ತಳಿ ನೆಡಬೇಕೆಂದು ಟ್ರಿಯರ್‌ನ ದೊರೆ ಕ್ಲೆಮೆನ್ಸ್ ವೆಂಟ್ಸೆಸ್ಲಾಸ್ 1787ರಲ್ಲಿ ಆಜ್ಞೆ ಹೊರಡಿಸಿದ ಮೇಲೆ ಅದರ ಬಲ ಹೆಚ್ಚಿತು.

ಬರ್ನ್‌ಕಾಸ್ಟೆಲ್‌ನಿಂದ ವೇಲೆನ್‌ನ ತೂಗುಸೇತುವೆವರೆಗೆ ಬಲದಂಡೆಯಲ್ಲಿ ನಡೆಯಿರಿ. ನಾಲ್ಕೈದು ಕಿ.ಮೀ. ಆಗಬಹುದು. ದಾರಿಯಲ್ಲಿ ಒಂದು ಕಲ್ಲಿನ ಚಕ್ಕೆ ಎತ್ತಿಕೊಳ್ಳಿ: ಶಾಲೆಯಲ್ಲಿ ಬಳಪ ಹಿಡಿದು ಬರೆದ ಸ್ಲೇಟಿನ ಜಾತಿಯದೇ ಕಲ್ಲು. ಬಿಸಿಲಿಗೆ ಬಿದ್ದ ಚಕ್ಕೆ ಅಂಗೈ ಚುರುಕ್ಕೆನ್ನಿಸುವಷ್ಟು ಕಾದಿರುತ್ತದೆ, ಹೊತ್ತು ಮುಳುಗಿದ ಮೇಲೂ ಬಿಸಿ ಆರುವುದಿಲ್ಲ. ಅದೇ ಕಲ್ಲು ಮಳೆನೀರನ್ನು ನಿಲ್ಲಗೊಡುವುದಿಲ್ಲವಾದ್ದರಿಂದ ಬೇರು ಬಿರುಕಿನಲ್ಲಿ ಆಳಕ್ಕಿಳಿಯುತ್ತದೆ. ಮಳೆಯಾದ ಮೇಲೆ ಚಕ್ಕೆಗಳು ಕಾಲಡಿ ಜಾರುತ್ತವೆ. ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿಕೊಳ್ಳಿ. ಹಣ್ಣು ಮಾಗುವ ಕಾಲದಲ್ಲಿ ಕೆಲವು ಕಾಲುದಾರಿ ಮುಚ್ಚಿರುತ್ತಾರೆ, ಫಲಕ ಕಂಡರೆ ಹಿಂದಿರುಗಿ.

ಸೇತುವೆ ಬಳಿ ನಿಂತರೆ ತೋಟದ ಬಂಡೆಯ ಮೇಲೆ ದೊಡ್ಡ ಸೂರ್ಯಗಡಿಯಾರ ಕಾಣುತ್ತದೆ. ಯೊಡೋಕುಸ್ ಪ್ರ್ಯೂಮ್ 1842ರಲ್ಲಿ ಕಟ್ಟಿಸಿದ್ದು. ಗಡಿಯಾರ ನಡೆಯಬೇಕಾದರೆ ಬಿಸಿಲು ಬೀಳಲೇಬೇಕಲ್ಲ! ವೇಲೆನರ್ ಜೊನ್ನೆನ್‌ಊರ್ ತೋಟಕ್ಕೆ ಹೆಸರು ಬಂದದ್ದು ಇದರಿಂದಲೇ.

ಬಳ್ಳಿಯನ್ನೂ ಹತ್ತಿರದಿಂದ ನೋಡಿ. ತಂತಿಯಿಲ್ಲ, ಚಪ್ಪರವಿಲ್ಲ; ಹಳೆಯ ಕಡಿದಾದ ತೋಟಗಳಲ್ಲಿ ಗಿಡಕ್ಕೊಂದು ಗೂಟ, ಎರಡು ಕಡ್ಡಿಗಳನ್ನು ಎರಡೂ ಬದಿಗೆ ಬಗ್ಗಿಸಿ ಹೃದಯದ ಆಕಾರದಲ್ಲಿ ಕಟ್ಟಿರುತ್ತಾರೆ. ಬಗ್ಗಿಸುವುದು ತೇವ ಇರುವ ದಿನ, ಒಣಹವೆಯಲ್ಲಿ ಕಡ್ಡಿ ಪಟ್ಟನೆ ಮುರಿಯುತ್ತದೆ. ವಿಜಯಪುರದ ಬೆಳೆಗಾರರು ವರ್ಷಕ್ಕೆ ಎರಡು ಸಲ ಚಾಟ್ನಿ (ಕಡ್ಡಿ ಕತ್ತರಿಸುವುದು) ಮಾಡಿದರೆ ಇಲ್ಲಿ ಚಳಿಗಾಲದಲ್ಲಿ ಒಂದೇ ಸಲ. ಗೂಟದ ಸುತ್ತ ನಾಲ್ಕೂ ಕಡೆಯಿಂದ ಓಡಾಡಬಹುದು, ಅಡ್ಡಡ್ಡಲಾಗಿಯೂ ದಾಟಬಹುದು. ಇಂಥ ಕಡಿದಿನಲ್ಲಿ ಅದೇ ದೊಡ್ಡ ಅನುಕೂಲ. ಬ್ರೆಮ್ ಊರಿನ ಕಾಲ್ಮೊಂಟ್ ಗುಡ್ಡ ಕೆಲವೆಡೆ 65 ಡಿಗ್ರಿ ಏರುತ್ತದೆ. ಡಿಗ್ರಿ ಬೇರೆ, ಶೇಕಡಾ ಬೇರೆ ಎಂಬುದು ನೆನಪಿರಲಿ: ಶೇ. 100 ಇಳಿಜಾರು ಎಂದರೆ 45 ಡಿಗ್ರಿ ಅಷ್ಟೇ.

ಇನ್ನು ಬಾಟಲಿ. ಚೀಟಿಯಲ್ಲಿ ಊರಿನ ಹೆಸರಿಗೆ ‘ಅರ್’ ಸೇರಿದರೆ ನಮ್ಮ ‘ಇನ’ ಪ್ರತ್ಯಯ ಇದ್ದಂತೆ: ವೇಲೆನರ್ ಎಂದರೆ ವೇಲೆನ್‌ನ. ಅದರ ಮುಂದಿನದು ತೋಟದ ಹೆಸರು. ಮೋಸ ಹೋಗುವುದು ಇಲ್ಲೇ. ಪೀಸ್‌ಪೋರ್ಟರ್ ಗೋಲ್ಟ್‌ಟ್ರೋಪ್ಫ್‌ಷೆನ್ ಒಂದೇ ತೋಟದ ಹೆಸರು. ಪೀಸ್‌ಪೋರ್ಟರ್ ಮಿಷೆಲ್ಸ್‌ಬೆರ್ಗ್ ಎಂಬುದು 1971ರ ಕಾನೂನು ಸುತ್ತಲಿನ ಹಲವು ಊರುಗಳ ತೋಟಗಳನ್ನು ಒಂದೇ ಹೆಸರಿನಡಿ ತಂದ ದೊಡ್ಡ ಗುಂಪು. ಓದಲು ಎರಡೂ ಒಂದೇ ಥರ ಇರುವುದು ಕೊಳ್ಳುವವರಿಗೆ ಆಗಿರುವ ಅನ್ಯಾಯವೇ ಸರಿ. ಗುಂಪುಗಳ ಹೆಸರನ್ನು ಬರೆದಿಟ್ಟುಕೊಳ್ಳುವುದೊಂದೇ ಉಪಾಯ; ಟ್ಸೆಲರ್ ಷ್ವಾರ್ಟ್ಸೆ ಕಾಟ್ಸ್ ಕೂಡ ಅಂಥದ್ದೇ.

ಕಾಬಿನೆಟ್, ಷ್ಪೇಟ್‌ಲೇಜೆ, ಔಸ್‌ಲೇಜೆ ಎಂಬವು ಕೊಯ್ಲಿನಲ್ಲಿ ರಸದಲ್ಲಿದ್ದ ಸಕ್ಕರೆಯ ಏರುಮೆಟ್ಟಿಲು. ಬಾಟಲಿಯ ಸಿಹಿ ಎಷ್ಟೆಂದು ಅವು ಹೇಳುವುದಿಲ್ಲ. ಸಿಹಿ ತಿಳಿಯಬೇಕಾದರೆ ಆಲ್ಕೋಹಾಲ್ ಅಂಕಿ ನೋಡಿ: ಶೇ. 8ರ ಆಸುಪಾಸಿದ್ದರೆ ಹುದುಗು ನಡುವೆಯೇ ನಿಂತು ಸಕ್ಕರೆ ಉಳಿದಿದೆ, 12ರ ಹತ್ತಿರವಿದ್ದರೆ ಬಹುತೇಕ ಒಣ, ಅಂದರೆ ಸಿಹಿಯಿಲ್ಲದ್ದು. ‘ಟ್ರೊಕೆನ್’ (ಒಣ) ಎಂದಿದ್ದರೆ ಲೀಟರಿಗೆ ಸಕ್ಕರೆ 9 ಗ್ರಾಂ ಮೀರುವಂತಿಲ್ಲ. ‘ಫೈನ್‌ಹೆರ್ಪ್’ (ಅರೆ ಒಣ) ಎಂಬ ಪದಕ್ಕೆ ಕಾನೂನಿನ ಮಿತಿಯೇ ಇಲ್ಲ, ಅಂಗಡಿಯವರನ್ನು ಕೇಳಿಯೇ ಕೊಳ್ಳಿ.

ಕುಡಿಯುವಾಗ 8–10 ಡಿಗ್ರಿ ಸೆಲ್ಸಿಯಸ್ ಸಾಕು; ಫ್ರಿಜ್‌ನಿಂದ ತೆಗೆದು ಹದಿನೈದಿಪ್ಪತ್ತು ನಿಮಿಷ ಹೊರಗಿಡಿ. ತೀರಾ ತಣ್ಣಗಿದ್ದರೆ ಹುಳಿ ಮಾತ್ರ ಮುಂದೆ ಬಂದು ಪರಿಮಳ ಅಡಗುತ್ತದೆ. ಹಳೆಯ ರೀಸ್ಲಿಂಗ್‌ನಲ್ಲಿ ಸೀಮೆಎಣ್ಣೆಯಂಥ ವಾಸನೆ ಬಂದರೆ ಕೆಟ್ಟಿದೆ ಎಂದು ಚೆಲ್ಲಬೇಡಿ, ಅದು ವಯಸ್ಸಿನ ಗುಣ. ತಳದಲ್ಲಿ ಗಾಜಿನ ಚೂರಿನಂತೆ ಹೊಳೆಯುವ ಹರಳುಗಳು ಟಾರ್ಟಾರಿಕ್ ಆಮ್ಲದ ಉಪ್ಪು, ಅಪಾಯವಿಲ್ಲ. ಬಾಟಲಿಯನ್ನು ಒಂದು ಗಂಟೆ ನೆಟ್ಟಗೆ ನಿಲ್ಲಿಸಿ, ಅಲುಗಿಸದೆ ಬಗ್ಗಿಸಿಕೊಂಡರೆ ಅವು ತಳದಲ್ಲೇ ಉಳಿಯುತ್ತವೆ.