‘ತೈಲ ಸಿಕ್ತು’ ಅನ್ನೋ ಸುದ್ದಿ ಓದಿ ಷೇರು ತಗೊಳ್ಳೋಕೆ ಮುಂಚೆ

ತೈಲ, ಗ್ಯಾಸ್ ಹುಡುಕೋ ಕಂಪನಿಗಳ ಷೇರಲ್ಲಿ ಕೈ ಸುಟ್ಕೊಂಡವರನ್ನ ಸುಮಾರು ಜನ ನೋಡಿದೀನಿ, ಎಲ್ಲರದ್ದೂ ಒಂದೇ ಕಥೆ. ಬೆಳಗ್ಗೆ ‘ಭಾರಿ ನಿಕ್ಷೇಪ ಪತ್ತೆ’ ಅಂತ ಸುದ್ದಿ, ಮಧ್ಯಾಹ್ನದೊಳಗೆ ಖರೀದಿ, ಆಮೇಲೆ ವರ್ಷಗಟ್ಟಲೆ ಕಾಯೋದು. ಖಾತೆ ತೆಗೆಯೋದು, ಆರ್ಡರ್ ಹಾಕೋದು ನಿಮಗೆ ಗೊತ್ತಿರೋದೇ, ಅದನ್ನ ಬಿಟ್ಟು ಮುಂದೆ ಹೋಗೋಣ.

ಮೊದಲು ಕಂಪನಿ ಮಾಡೋ ಕೆಲಸ ಏನು ನೋಡಿ. ಬಾವಿ ಕೊರೆಯೋದೇ ಬೇರೆ, ರಿಫೈನರಿ ನಡೆಸೋದೇ ಬೇರೆ. ಕ್ರೂಡ್ (ಕಚ್ಚಾ ತೈಲ) ದರ ಏರಿದ್ರೆ ಕೊರೆಯೋನಿಗೆ ಲಾಭ, ರಿಫೈನರಿಯವನಿಗೆ ಅದೇ ಖರ್ಚು. ಬರೀ ಲೈಸೆನ್ಸ್ ಇಟ್ಕೊಂಡು ಒಂದೂ ಬಾವಿಯಿಂದ ಉತ್ಪಾದನೆ ಇಲ್ಲದ ಸಣ್ಣ ಕಂಪನಿಗಳ ತಂಟೆಗೆ ಹೋಗ್ಲೇಬೇಡಿ, ಅವರು ಸಾಮಾನ್ಯವಾಗಿ ಬಾವಿ ಕೊರೆಯೋ ದುಡ್ಡಿಗೆ ಹೊಸ ಷೇರು ಬಿಡ್ತಾನೇ ಇರ್ತಾರೆ, ನಿಮ್ಮ ಪಾಲು ಕರಗ್ತಾ ಹೋಗುತ್ತೆ.

ಎರಡನೇದು ರಿಸರ್ವ್ ಟೇಬಲ್, ಅಂದ್ರೆ ನೆಲದಡಿಯಿಂದ ಎಷ್ಟು ತೈಲ, ಗ್ಯಾಸ್ ತೆಗೀಬಹುದು ಅಂತ ಕಂಪನಿ ಕೊಡೋ ಪಟ್ಟಿ. ಎಲ್ಲರೂ ಎಡವೋದು ಇಲ್ಲೇ. ‘ರಿಸೋರ್ಸ್’, ‘ರಿಸರ್ವ್’ ಎರಡೂ ಕೇಳೋಕೆ ಒಂದೇ ಥರ ಇದ್ರೂ ಒಂದೇ ಅಲ್ಲ. ‘ಪ್ರಾಸ್ಪೆಕ್ಟಿವ್ ರಿಸೋರ್ಸ್’ ಅಂದ್ರೆ ಅಲ್ಲಿ ಇನ್ನೂ ತೈಲ ಪತ್ತೆನೇ ಆಗಿಲ್ಲ, ಇರಬಹುದು ಅನ್ನೋ ಅಂದಾಜು ಅಷ್ಟೆ. ರಿಸರ್ವ್ ಅಂದ್ರೆ ಲಾಭ ಇಟ್ಕೊಂಡು ಹೊರಗೆ ತೆಗೆಯೋಕಾಗೋದು, ಅದ್ರಲ್ಲೂ ಮೂರು ಥರ: 1ಪಿ (ಪ್ರೂವ್ಡ್) ಅಂದ್ರೆ ಕನಿಷ್ಠ ಅಷ್ಟು ಸಿಗೋ ಸಾಧ್ಯತೆ 90%, 2ಪಿಗೆ 50%, 3ಪಿಗೆ ಬರೀ 10%. ಹೆಡ್‌ಲೈನಿಗೆ ಹೋಗೋದು ಯಾವುದು ಅಂತ ನೀವೇ ಊಹಿಸಿ.

ಒಬ್ಬ ಗೆಳೆಯ ‘30 ಕೋಟಿ ಬ್ಯಾರಲ್’ ಅಂತ ಕುಣಿತಾ ಬಂದಿದ್ದ. ಇಬ್ಬರೂ ಪೆನ್ನು ಹಿಡ್ಕೊಂಡು ವಾರ್ಷಿಕ ವರದಿ ಮುಂದೆ ಕೂತ್ವಿ. ಆ 30 ಕೋಟಿ 3ಪಿ ಲೆಕ್ಕ. 2ಪಿ 12 ಕೋಟಿ, 1ಪಿ 5 ಕೋಟಿ. ಆ 5ರಲ್ಲೂ ಅರ್ಧ ಗ್ಯಾಸು! 6,000 ಘನ ಅಡಿ ಗ್ಯಾಸನ್ನ ಒಂದು ಬ್ಯಾರಲ್‌ಗೆ ಸಮ ಅಂತ ಬರ್ಕೋತಾರೆ, ಅದು ಶಾಖದ ಲೆಕ್ಕ, ದುಡ್ಡಿನ ಲೆಕ್ಕ ಅಲ್ಲ, ಮಾರೋಕೆ ಹೋದ್ರೆ ಅಷ್ಟು ಗ್ಯಾಸಿಗೆ ಒಂದು ಬ್ಯಾರಲ್ ಕ್ರೂಡ್‌ನ ಬೆಲೆ ಸಿಗೋದು ಅಪರೂಪ. ಉಳಿದ ಎರಡೂವರೆ ಕೋಟಿಯಲ್ಲಿ ‘ಅನ್‌ಡೆವಲಪ್ಡ್’ ಅಂತ ಒಂದು ಸಾಲು, ಅಂದ್ರೆ ಅದನ್ನ ತೆಗೆಯೋ ಬಾವಿಗೆ ಇನ್ನೂ ದುಡ್ಡು ಸುರೀಬೇಕು. ಅವನ ಟೀ ತಣ್ಣಗಾಗಿತ್ತು.

1ಪಿ ನಂಬರೂ ಕಲ್ಲಲ್ಲಿ ಕೆತ್ತಿದ್ದಲ್ಲ. 2004ರಲ್ಲಿ ಶೆಲ್‌ನಂಥ ದೈತ್ಯ ಕಂಪನಿನೇ ತನ್ನ ಪ್ರೂವ್ಡ್ ರಿಸರ್ವ್‌ನ ಸುಮಾರು 20% ಕೆಳಗಿಳಿಸಿತು, ಚೇರ್ಮನ್ ಕುರ್ಚಿ ಬಿಡಬೇಕಾಯ್ತು. ಅದಕ್ಕೇ ನಾನು ಒಂದು ವರ್ಷದ ಟೇಬಲ್ ನೋಡಲ್ಲ, ಐದು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡ್ತೀನಿ. ತೆಗೆದಷ್ಟನ್ನ ಹೊಸದಾಗಿ ಸೇರಿಸಿದಾರಾ? ‘ರಿಸರ್ವ್ ರಿಪ್ಲೇಸ್‌ಮೆಂಟ್’ 100%ಗಿಂತ ಕಮ್ಮಿ ಇದ್ರೆ ಕಂಪನಿ ಕೂಡಿಟ್ಟಿದ್ದನ್ನೇ ತಿಂತಿದೆ ಅಂತ ಅರ್ಥ. ಶೇಲ್ ಬಾವಿಗಳಾದ್ರೆ (ಗಟ್ಟಿ ಪದರಗಲ್ಲನ್ನ ಒಡೆದು ತೈಲ ತೆಗೆಯೋವು) ಇನ್ನೂ ಹುಷಾರು, ಮೊದಲ ವರ್ಷದಲ್ಲೇ ಉತ್ಪಾದನೆ ಅರ್ಧಕ್ಕಿಂತ ಕೆಳಗೆ ಬಿದ್ದುಬಿಡೋದು ಮಾಮೂಲಿ.

ಮೂರನೇದು ಸಾಲ. ಕ್ರೂಡ್ ದರ ಬಿದ್ರೂ ಕಂತು ಕಟ್ಟಲೇಬೇಕು, ಆ ದರ ಎಷ್ಟು ಬೀಳುತ್ತೆ ನೋಡಿ. ಬ್ಯಾರಲ್ ಕ್ರೂಡ್ 2014ರ ಮಧ್ಯದಲ್ಲಿ 100 ಡಾಲರ್ ಮೇಲಿತ್ತು, 2016ರ ಜನವರಿಗೆ 30ರ ಕೆಳಗೆ. 2020ರ ಏಪ್ರಿಲ್ 20ರಂದು ಅಮೆರಿಕದ ಡಬ್ಲ್ಯುಟಿಐ ಕ್ರೂಡ್ ಮೇ ತಿಂಗಳ ಫ್ಯೂಚರ್ಸ್ (ಮುಂದೆ ಕೊಡೋ ತೈಲಕ್ಕೆ ಈಗಲೇ ದರ ಕಟ್ಟೋ ಒಪ್ಪಂದ) ಮೈನಸ್ 37.63 ಡಾಲರ್‌ಗೆ ಮುಗೀತು, ಅಂದ್ರೆ ಮಾರೋನೇ ಕೈಯಿಂದ ದುಡ್ಡು ಕೊಡೋ ಸ್ಥಿತಿ. ಬ್ಯಾರಲ್‌ಗೆ ಎಷ್ಟು ಸಿಕ್ರೆ ಅಸಲು ಹುಟ್ಟುತ್ತೆ, ಸಾಲದ ಕಂತು ಯಾವ ವರ್ಷ ಬರುತ್ತೆ, ಇವೆರಡನ್ನೂ ಬರೆದಿಟ್ಕೊಳ್ಳಿ.

ಅಂದಹಾಗೆ, ಕ್ರೂಡ್ ದರದ ಎರಡು ಮೂರು ಪಟ್ಟು ಏರಿಳಿಯೋ ಲಿವರೇಜ್ಡ್ ಇಟಿಎಫ್ (ಷೇರಿನ ಹಾಗೆ ಮಾರ್ಕೆಟ್ಟಲ್ಲಿ ಕೊಂಡು ಮಾರೋ ಫಂಡ್) ಶಾರ್ಟ್‌ಕಟ್ ಅಂತ ಯಾರಾದ್ರೂ ಹೇಳಿದ್ರೆ ನಕ್ಕು ಸುಮ್ನಾಗಿ, ಅದು ಒಂದು ದಿನದ ಲೆಕ್ಕಕ್ಕೆ ಮಾಡಿರೋ ಮಾಲು, ವರ್ಷಗಟ್ಟಲೆ ಇಟ್ಕೊಳ್ಳೋಕಲ್ಲ.

ಖರೀದಿ ಒಂದೇ ಸಲ ಬೇಡ, ನಾಲ್ಕು ಕಂತಲ್ಲಿ ಮಾಡಿ. ಮಾರೋದು ಯಾವಾಗ ಅಂದ್ರೆ, ರಿಪ್ಲೇಸ್‌ಮೆಂಟ್ ಸತತ ಎರಡು ವರ್ಷ 100%ಗಿಂತ ಕಮ್ಮಿ ಬಂತಾ, ನಾನು ಮಾರ್ತೀನಿ, ಆ ವರ್ಷ ಕ್ರೂಡ್ ಎಷ್ಟೇ ಏರಿರ್ಲಿ.